ಆ ಡಬ್ಬಿಯ ಡಾಲರ್‌ಗಳನ್ನ ತಿಕ್ಕಬೇಡ ಪುಟ್ಟಿ

ಪುಟ್ಟಿ, ಮಾವ ಮಾತಾಡ್ತಿರೋದು. ಟೈಪ್ ಮಾಡೋಕೆ ಕೂತರೆ ಮುಗಿಯಲ್ಲ ಅಂತ ವಾಯ್ಸ್ ಹಾಕ್ತಿದೀನಿ. ನಿಮ್ಮ ಬೀದಿ ಅಜ್ಜಿ ಮನೆ ಖಾಲಿ ಮಾಡುವಾಗ ನೀನು ತಗೊಂಡ ಬಿಸ್ಕೆಟ್ ಡಬ್ಬಿ, ಅದರೊಳಗಿನ ಹಳೇ ಅಮೆರಿಕನ್ ನಾಣ್ಯ, ಎಲ್ಲಾ ಫೋಟೋನೂ ನೋಡಿದೆ. ಕೆಳಗೆ ಅಕ್ಕ "ಹುಣಸೆಹಣ್ಣು ಹಾಕಿ ತಿಕ್ಕು, ಪಳಪಳ ಅನ್ನುತ್ತೆ" ಅಂತ ಬರೆದಿದ್ದು ಓದಿ ಎದೆ ಧಸಕ್ ಅಂತು. ಬೇಡಮ್ಮ, ಖಂಡಿತ ಬೇಡ. ಅಕ್ಕ, ದೀಪದ ಕಂಬಕ್ಕೆ ಅದು ಸರಿ, ಇದಕ್ಕಲ್ಲ. ನಾಣ್ಯದ ಮೇಲಿನ ಆ ಕಪ್ಪು ಎಷ್ಟೋ ವರ್ಷದಿಂದ ತಾನಾಗಿ ಕೂತಿದ್ದು. ತಿಕ್ಕಿದರೆ ಕೂದಲೆಳೆಯಂಥ ಗೀರು ಬೀಳುತ್ತೆ, ಕೊಳ್ಳೋರು ಲೆನ್ಸ್ ಹಿಡಿದ ತಕ್ಷಣ ಅದು ಕಾಣುತ್ತೆ. ಆಮೇಲೆ ಅದನ್ನ ಬರೀ ಬೆಳ್ಳಿ ಲೆಕ್ಕದಲ್ಲೇ ಕೇಳ್ತಾರೆ.

ಚಿಕ್ಕವು ಸುಲಭ. ಡೈಮ್, ಕ್ವಾರ್ಟರ್, ಹಾಫ್ ಡಾಲರ್, ಅಂದರೆ 10, 25, 50 ಸೆಂಟ್‌ನವು, ಅವುಗಳ ಮೇಲೆ 1964 ಅಥವಾ ಅದಕ್ಕಿಂತ ಹಿಂದಿನ ಇಸವಿ ಇದ್ದರೆ ನೂರಕ್ಕೆ 90 ಬೆಳ್ಳಿ. 1965ರ ಕ್ವಾರ್ಟರ್ ಅಂಚು ತಿರುಗಿಸಿ ನೋಡು, ತಾಮ್ರದ ಗೆರೆ ಕಾಣುತ್ತೆ, ಅದು ಬರೀ ಚಿಲ್ಲರೆ. ಕೆನಡಿ ಮುಖದ ಹಾಫ್ ಡಾಲರ್‌ನಲ್ಲಿ ಮಾತ್ರ 1965ರಿಂದ 1970ರವರೆಗೆ ನೂರಕ್ಕೆ 40 ಉಳಿದಿತ್ತು. ನಾಲ್ಕು ಹಳೇ ಕ್ವಾರ್ಟರ್ ಸೇರಿದರೆ ಸುಮಾರು 22.5 ಗ್ರಾಂ ಅಪ್ಪಟ ಬೆಳ್ಳಿ, ಅವತ್ತಿನ ರೇಟಿಗೆ ಗುಣಿಸಿಕೋ.

ಈಗ ಆ ಎರಡು ದೊಡ್ಡವು. ಅವು ಮಾರ್ಗನ್ ಡಾಲರ್, ಅಂದರೆ ಮಾರ್ಗನ್ ಅನ್ನೋರು ವಿನ್ಯಾಸ ಮಾಡಿದ ಹಳೇ ಬೆಳ್ಳಿ ಡಾಲರ್. ಅಡಿಗೆಮನೆ ತಕ್ಕಡಿ ಬೇಡ, ಚಿನ್ನ ತೂಗುವಂಥ ಚಿಕ್ಕ ತಕ್ಕಡಿಯಲ್ಲಿ ತೂಗು. 26.73 ಗ್ರಾಂ ಇರಬೇಕು, ಸವೆದಿದ್ದರೆ ಚೂರು ಕಮ್ಮಿ. ಅದರಲ್ಲಿ ಬೆಳ್ಳಿ 24 ಗ್ರಾಂ. ಅದಕ್ಕಿಂತ ತುಂಬಾ ಹಗುರ ಇದ್ದರೆ, ಇಲ್ಲಾ ಅಯಸ್ಕಾಂತಕ್ಕೆ ಅಂಟಿದರೆ, ನಕಲಿ. ಹಿಂಬದಿ ತಿರುಗಿಸು. ಹದ್ದಿನ ಕಾಲಡಿ ಎಲೆಯ ಹಾರ ಇದೆಯಲ್ಲ, ಅದರ ಗಂಟಿನ ಕೆಳಗೆ ಅಕ್ಷರ ಇದೆಯಾ ನೋಡು. ನಿನ್ನ 1889ರದಕ್ಕೆ ಅಕ್ಷರ ಇಲ್ಲದಿದ್ದರೆ ಫಿಲಡೆಲ್ಫಿಯಾ ಟಂಕಸಾಲೆಯದು, ಎರಡು ಕೋಟಿಗೂ ಮೇಲೆ ಹೊಡೆದಿದ್ದಾರೆ. 'ಸಿ ಸಿ' ಅಂತ ಇದ್ದರೆ ನೆವಾಡಾದ ಕಾರ್ಸನ್ ಸಿಟಿಯದು, ಬರೀ ಮೂರೂವರೆ ಲಕ್ಷ ಹೊಡೆದಿದ್ದು! ಹಾಗಿದ್ದರೆ ಯಾರ ಕೈಗೂ ಕೊಡಬೇಡ. ಅಕ್ಷರ ಆಮೇಲೆ ಅಂಟಿಸಿ ಮೋಸ ಮಾಡೋರು ಇದ್ದಾರೆ, ನಾಣ್ಯ ಅಸಲಿಯೋ ನಕಲಿಯೋ ಅಂತ ನೋಡಿ ಹೇಳೋ ಪಿಸಿಜಿಎಸ್ ಅಥವಾ ಎನ್‌ಜಿಸಿ ಕಂಪನಿಗೆ ಕಳಿಸಿ ಪರೀಕ್ಷೆ ಮಾಡಿಸೋಣ.

ಇನ್ನೊಂದು 1921ರದು. ಅದಕ್ಕೆ ಬೆಲೆ ಕಮ್ಮಿನೇ, ಆದರೆ ನನಗೆ ಅದೇ ಇಷ್ಟ. ಯಾಕೆ ಗೊತ್ತಾ? ಮೊದಲ ಮಹಾಯುದ್ಧದಲ್ಲಿ ನಮ್ಮ ಕಡೆ ಜನ ನೋಟು ಬೇಡ, ಬೆಳ್ಳಿ ರೂಪಾಯಿ ಕೊಡಿ ಅಂತ ಕೇಳೋಕೆ ಶುರು ಮಾಡಿದರು, ಸರ್ಕಾರದ ಹತ್ತಿರ ಬೆಳ್ಳಿ ತೀರ್ತಾ ಬಂತು. ಆಗ 1918ರಲ್ಲಿ ಅಮೆರಿಕದವರು ಪಿಟ್‌ಮನ್ ಕಾಯ್ದೆ ಮಾಡಿ 27 ಕೋಟಿ ಡಾಲರ್ ನಾಣ್ಯ ಕರಗಿಸಿದರು. ಆ ಬೆಳ್ಳಿಯಲ್ಲಿ ಬಹುಪಾಲು ಇಂಡಿಯಾಕ್ಕೆ ಅಂತ ಬ್ರಿಟಿಷರಿಗೆ ಮಾರಿದರು. ಕರಗಿಸಿದ್ದಕ್ಕೆ ಬದಲು ಮತ್ತೆ ಹೊಡೆಯಬೇಕು ಅಂತಲೂ ಕಾಯ್ದೆಯಲ್ಲೇ ಇತ್ತು, ಹಾಗೆ ಹೊಡೆದಿದ್ದೇ ನಿನ್ನ ಕೈಲಿರೋ 1921ರದು.

ಸದ್ಯಕ್ಕೆ ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿಡು. ಮೆತ್ತನೆ ಪಿವಿಸಿ ಕವರ್ ಬೇಡ, ಹಸಿರು ಜಿಡ್ಡು ಹಿಡಿಯುತ್ತೆ. ಹಿಡಿದರೆ ಅಂಚಲ್ಲಿ ಹಿಡಿ. 1889ರ ಹಿಂಬದಿ ಫೋಟೋ ಹತ್ತಿರದಿಂದ ತೆಗೆದು ಹಾಕು.

ಅಕ್ಕ, ಅಮ್ಮನ ಪೂಜೆ ಡಬ್ಬಿಯಲ್ಲಿ ಜಾರ್ಜ್ ರಾಜನ ರೂಪಾಯಿ ಎರಡಿತ್ತಲ್ಲ, ಸ್ವಲ್ಪ ತೆಗೆದು ಇಸವಿ ಎಷ್ಟು ಅಂತ ನೋಡಿ ಹೇಳ್ತೀಯಾ? 1918 ಅಂತಿದ್ದರೆ ನನಗೆ ಇವತ್ತೇ ಫೋನ್ ಮಾಡು.