ವರ್ಷಕ್ಕೊಂದು ಕ್ಲಬ್: ಒಗ್ಬೆಚೆ ಥರದ ಸ್ಟ್ರೈಕರ್‌ಗಳ ಕಾಂಟ್ರ್ಯಾಕ್ಟ್ ನಡೆಯೋದು ಹೇಗೆ?

ಗೋಲ್‌ಕಿಕ್_ಗಿರಿ

ನೈಜೀರಿಯಾದ ಬಾರ್ತೊಲೋಮ್ಯೂ ಒಗ್ಬೆಚೆ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್) ಐದು ಸೀಸನ್ ಆಡಿ 63 ಗೋಲು ಹೊಡೆದ. 2024ರಲ್ಲಿ ಚೆಟ್ರಿ ದಾಟೋ ತನಕ ಅದೇ ದಾಖಲೆ. ಆದ್ರೆ ಆ ಐದು ಸೀಸನ್‌ನಲ್ಲಿ ನಾಲ್ಕು ಕ್ಲಬ್: ನಾರ್ತ್‌ಈಸ್ಟ್, ಕೇರಳ, ಮುಂಬೈ, ಹೈದರಾಬಾದ್. ಕೇರಳಕ್ಕೆ ಒಂದೇ ಸೀಸನ್‌ನಲ್ಲಿ 15 ಗೋಲು ಹೊಡೆದವನೂ ಮರುವರ್ಷ ಅಲ್ಲಿರಲಿಲ್ಲ. ಇಷ್ಟು ಹೊಡೆದ್ರೂ ಯಾಕೆ ಉಳಿಯಲ್ಲ? ದೇಶದಿಂದ ದೇಶಕ್ಕೆ ಹೋಗುವಾಗ ಕಾಗದಪತ್ರದ ಕೆಲಸ ಏನೇನಿರುತ್ತೆ? ಕ್ಲಬ್ ಸಂಬಳ ನಿಲ್ಲಿಸಿದ್ರೆ ಆಟಗಾರನ ಕೈಲಿ ಏನಿದೆ? "ದುಡ್ಡಿನ ಹಿಂದೆ ಓಡ್ತಾರೆ" ಅನ್ನೋ ಉತ್ತರ ಬೇಡ, ಪ್ಲೀಸ್.

ಆಫ್‌ಸೈಡ್_ಅನಂತ

ಕೇರಳದ ವಿಷಯಕ್ಕೆ ಕೋಚ್ ಹೆಸರು ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತೆ. 2018-19ರಲ್ಲಿ ನಾರ್ತ್‌ಈಸ್ಟ್ ಕೋಚ್ ಎಲ್ಕೊ ಸ್ಕಟೋರಿ. ಮರುವರ್ಷ ಆತ ಕೇರಳಕ್ಕೆ ಹೋದ, ಒಗ್ಬೆಚೆಯೂ ಕೇರಳಕ್ಕೆ ಬಂದ. 2020ರಲ್ಲಿ ಸ್ಕಟೋರಿ ಜಾಗಕ್ಕೆ ಕಿಬು ವಿಕುನಾ ಬಂದ, ಅದೇ ವರ್ಷ ಒಗ್ಬೆಚೆ ಮುಂಬೈಗೆ. ಮೂವತ್ತು ದಾಟಿದ ವಿದೇಶಿ ಸ್ಟ್ರೈಕರ್‌ನ ಕೆಲಸ ಗೋಲಿಗಿಂತ ಹೆಚ್ಚಾಗಿ ಕೋಚ್ ಮೇಲೆ ನಿಂತಿರುತ್ತೆ. ಹೊಸ ಕೋಚ್ ತನ್ನ ಪದ್ಧತಿ ಗೊತ್ತಿರುವ ನಂಬರ್ 9 (ಮುಖ್ಯ ಸ್ಟ್ರೈಕರ್) ಹುಡುಕ್ತಾನೆ.

ಭಾರತಕ್ಕೆ ಬರೋ ಮುಂಚೆಯೂ ಅವನ ದಾರಿ ಹೀಗೇ. ಫ್ರಾನ್ಸ್‌ನ ಪಿಎಸ್‌ಜಿಯಲ್ಲಿ ಶುರು, 17ನೇ ವಯಸ್ಸಿಗೆ ನೈಜೀರಿಯಾ ಪರ 2002ರ ವಿಶ್ವಕಪ್. ಆಮೇಲೆ ಬಾಸ್ಟಿಯಾ, ಮೆಟ್ಜ್‌ಗೆ ಲೋನ್, ಯುಎಇಯ ಅಲ್ ಜಜೀರಾ, ಸ್ಪೇನ್‌ನಲ್ಲಿ ಅಲವೆಸ್, ವಯಾದೊಲಿದ್, ಗ್ರೀಸ್‌ನ ಕವಾಲಾ, ಇಂಗ್ಲೆಂಡ್‌ನ ಮಿಡಲ್ಸ್‌ಬರೋ, ನೆದರ್ಲೆಂಡ್ಸ್‌ನ ಕಾಂಬ್ಯೂರ್, ವಿಲ್ಲೆಮ್ 2. ಪೂರ್ತಿ ಪಟ್ಟಿ ಇನ್ನೂ ಉದ್ದ.

ಇದರಲ್ಲಿ ಕವಾಲಾದಿಂದ ಮಿಡಲ್ಸ್‌ಬರೋಗೆ ಹೋದದ್ದು ಗಮನಿಸಬೇಕಾದ್ದು. 2011ರಲ್ಲಿ ಮ್ಯಾಚ್ ಫಿಕ್ಸಿಂಗ್ ಹಗರಣದಲ್ಲಿ ಕವಾಲಾ ಕ್ಲಬ್ಬನ್ನೇ ಕೆಳಗಿನ ಡಿವಿಷನ್‌ಗೆ ತಳ್ಳಿದರು. ಒಗ್ಬೆಚೆ ಮಿಡಲ್ಸ್‌ಬರೋಗೆ ಸಹಿ ಹಾಕುವಾಗ ಟ್ರಾನ್ಸ್‌ಫರ್ ವಿಂಡೋ (ಕ್ಲಬ್‌ಗಳು ಹೊಸ ಆಟಗಾರರನ್ನು ನೋಂದಾಯಿಸೋ ಅವಧಿ) ಮುಚ್ಚಿಯಾಗಿತ್ತು. ಹಾಗಾದ್ರೆ ಹೇಗೆ? ಫ್ರೀ ಏಜೆಂಟ್ ನಿಯಮ: ವಿಂಡೋ ಮುಚ್ಚೋ ಮುಂಚೆಯೇ ಕಾಂಟ್ರ್ಯಾಕ್ಟ್ ಮುಗಿದಿದ್ದರೆ, ಆಮೇಲೂ ನೋಂದಣಿ ಮಾಡಿಸಬಹುದು (ಆ ಲೀಗ್‌ನ ಸ್ವಂತ ನಿಯಮ ಅಡ್ಡ ಬರಬಾರದು, ಅಷ್ಟೇ). ಹಾಗಾಗಿ ಇಂಥ ಆಟಗಾರನಿಗೆ ಕಾಂಟ್ರ್ಯಾಕ್ಟ್ ಮುಗಿಯೋ ತಾರೀಖು ಸಂಬಳದಷ್ಟೇ ಮುಖ್ಯ. ಆಗಸ್ಟ್‌ನಲ್ಲಿ ವಿಂಡೋ ಮುಚ್ಚಿ ನಾಲ್ಕು ದಿನ ಆದ್ಮೇಲೆ ಕಾಂಟ್ರ್ಯಾಕ್ಟ್ ಮುರಿದುಕೊಂಡ್ರೆ ಜನವರಿ ತನಕ ಮನೇಲಿ ಕೂರಬೇಕಾಗಬಹುದು.

ಕೊನೆಯ ಆರು ತಿಂಗಳಿರುವಾಗ ಬೇರೆ ಕ್ಲಬ್ ಜೊತೆ ಮುಂಗಡ ಸಹಿ ಮಾಡಬಹುದು. ಮಾತುಕತೆಗೆ ಮುಂಚೆ ಹೊಸ ಕ್ಲಬ್ ಹಳೇ ಕ್ಲಬ್‌ಗೆ ಬರೆದು ತಿಳಿಸಬೇಕು. ಇನ್ನೊಂದು ಗುಂಡಿ: ಒಂದು ಸೀಸನ್‌ನಲ್ಲಿ ಮೂರು ಕ್ಲಬ್‌ಗೆ ನೋಂದಣಿ ಆಗಬಹುದು, ಅಧಿಕೃತ ಪಂದ್ಯ ಆಡೋಕೆ ಸಾಮಾನ್ಯವಾಗಿ ಎರಡಕ್ಕೆ ಮಾತ್ರ. ಕಪ್ ಪಂದ್ಯದಲ್ಲಿ 88ನೇ ನಿಮಿಷಕ್ಕೆ ಸಬ್ ಆಗಿ ಇಳಿದ್ರೂ ಅದು ಲೆಕ್ಕಕ್ಕೆ ಬಂತು. ಫ್ರೆಂಡ್ಲಿ ಬರಲ್ಲ.

ಹದಿನಾಲ್ಕನೇ_ಕಲಂ

ಸಂಬಳದ ಪ್ರಶ್ನೆಗೆ ನಾನು ಹೇಳ್ತೀನಿ.

ಫಿಫಾ ನಿಯಮಾವಳಿಯ 14ಬಿಸ್ ಕಲಂ, 2018ರ ಜೂನ್‌ನಿಂದ ಜಾರಿ. ಕನಿಷ್ಠ ಎರಡು ತಿಂಗಳ ಸಂಬಳ ಬಾಕಿ ಆದ್ರೆ ಆಟಗಾರ ಕ್ಲಬ್‌ಗೆ ಲಿಖಿತ ನೋಟಿಸ್ ಕೊಡಬೇಕು, ತೀರಿಸೋಕೆ ಕನಿಷ್ಠ 15 ದಿನ ಗಡುವು ಕೊಡಬೇಕು. ಅಷ್ಟರೊಳಗೆ ಬರದಿದ್ರೆ ಕಾಂಟ್ರ್ಯಾಕ್ಟ್ ಮುರಿಯೋಕೆ ನ್ಯಾಯವಾದ ಕಾರಣ ಸಿಕ್ಕ ಹಾಗೆ. ಕೇಸು ಕೆಡೋದು ಮುಕ್ಕಾಲು ಪಾಲು ಇದೇ ಹಂತದಲ್ಲಿ. ಟೀಮ್ ಮ್ಯಾನೇಜರ್‌ಗೆ ವಾಟ್ಸಾಪ್‌ನಲ್ಲಿ "ಸರ್, ಸಂಬಳ ಯಾವಾಗ" ಅಂತ ಕೇಳಿದ್ದನ್ನೇ ನೋಟಿಸ್ ಅಂದುಕೊಳ್ತಾರೆ. ಇಲ್ಲವೇ ಸಿಟ್ಟಿಗೆದ್ದು ಹತ್ತನೇ ದಿನಕ್ಕೇ ವಿಮಾನ ಹತ್ತುತ್ತಾರೆ. ಆಗ ಟ್ರೈನಿಂಗ್ ಬಿಟ್ಟು ಹೋದ ಅಂತ ಕ್ಲಬ್ಬೇ ಎದುರು ದಾವೆ ಹಾಕತ್ತೆ. ನೋಟಿಸ್‌ನಲ್ಲಿ ಯಾವ ತಿಂಗಳು, ಎಷ್ಟು ಮೊತ್ತ, ಯಾವ ಕರೆನ್ಸಿ, ಕಾಂಟ್ರ್ಯಾಕ್ಟ್‌ನ ಯಾವ ಕಲಂ, ಎಲ್ಲ ಇರಲಿ. ಕ್ಲಬ್‌ನ ಅಧಿಕೃತ ಈಮೇಲ್‌ಗೆ ಕಳಿಸಿ, 15 ದಿನ ಮುಗಿಯೋ ತನಕ ಒಂದು ಸೆಷನ್ನೂ ತಪ್ಪಿಸದೆ ಟ್ರೈನಿಂಗ್‌ಗೆ ಹೋಗಬೇಕು.

ಮುರಿದಾದ ಮೇಲೆ ಫಿಫಾದ ವಿವಾದ ಇತ್ಯರ್ಥ ಮಂಡಳಿ. ಆಟಗಾರ-ಕ್ಲಬ್ ವಿವಾದಕ್ಕೆ ಅಲ್ಲಿ ಶುಲ್ಕ ಇಲ್ಲ, ಆದರೆ ಎರಡು ವರ್ಷದೊಳಗೆ ಹೋಗಬೇಕು. ಬೇರೆ ಕ್ಲಬ್ ಸಿಗದಿದ್ರೆ ಉಳಿದ ಅವಧಿಯ ಪೂರ್ತಿ ಸಂಬಳ ಪರಿಹಾರ. ಸಿಕ್ಕಿದ್ರೆ ಹೊಸ ಸಂಬಳ ಕಳೆದು ಉಳಿದದ್ದು, ಜೊತೆಗೆ ಬಾಕಿ ಕಾರಣಕ್ಕೆ ಮುರಿದದ್ದಾದ್ರೆ ಸಾಮಾನ್ಯವಾಗಿ ಮೂರು ತಿಂಗಳ ಸಂಬಳ ಹೆಚ್ಚುವರಿ. ಬ್ಯಾಂಕ್ ವಿವರದ ಫಾರಂ ತಪ್ಪದೆ ಕೊಟ್ಟಿರಿ. ತೀರ್ಪಿನ ಹಣ ಕೊಡೋಕೆ ಕ್ಲಬ್‌ಗೆ 45 ದಿನದ ಗಡುವು ಇರುತ್ತೆ. ಆಗಲೂ ಕೊಡದಿದ್ರೆ ಹೊಸ ಆಟಗಾರರ ನೋಂದಣಿಗೆ ನಿಷೇಧ, ಗರಿಷ್ಠ ಮೂರು ವಿಂಡೋ. ಐಎಸ್‌ಎಲ್ ಕ್ಲಬ್‌ಗಳ ಮೇಲೂ ಇಂಥ ನಿಷೇಧ ಬಿದ್ದಿದೆ.

ಇದೆಲ್ಲ ನಡೆಯೋದು ವಿದೇಶಿ ಆಟಗಾರನಿಗೆ. ಭಾರತೀಯ ಆಟಗಾರ ಭಾರತೀಯ ಕ್ಲಬ್ ಮೇಲೆ ದೂರು ಕೊಡೋದು ಎಐಎಫ್‌ಎಫ್ (ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ) ಸಮಿತಿಗೆ. ಆ ವ್ಯತ್ಯಾಸ ಎಷ್ಟೋ ಏಜೆಂಟರಿಗೇ ಗೊತ್ತಿರಲ್ಲ.

ವೆಸ್ಟ್‌ಬ್ಲಾಕ್_ನೋಡುಗ

ಕೋಟಾ ಮರೀಬೇಡಿ. 2021-22ರಿಂದ ಐಎಸ್‌ಎಲ್ ಮೈದಾನದಲ್ಲಿ ವಿದೇಶಿಯರು ಐದರಿಂದ ನಾಲ್ಕಕ್ಕೆ ಇಳಿದರು. ಒಬ್ಬ ಸ್ಟಾಪರ್ (ರಕ್ಷಣಾ ಆಟಗಾರ), ಒಬ್ಬಿಬ್ಬರು ಮಿಡ್‌ಫೀಲ್ಡರ್ ಅಂದ್ರೆ ಸ್ಟ್ರೈಕರ್‌ಗೆ ಉಳಿಯೋದು ಒಂದೇ ಜಾಗ. ಅವನಿಗೆ ಹ್ಯಾಮ್‌ಸ್ಟ್ರಿಂಗ್ ಹಿಡಿದ್ರೆ ಆ ಜಾಗವೇ ದಂಡ, ಅದಕ್ಕೇ ಎರಡು ವರ್ಷದ ಕಾಂಟ್ರ್ಯಾಕ್ಟ್ ಕೊಡೋಕೆ ಹಿಂಜರೀತಾರೆ. ಆಗ ತಂಡದ ಒಟ್ಟು ಆರು ವಿದೇಶಿಯರಲ್ಲಿ ಒಬ್ಬ ಏಷ್ಯಾ ಫುಟ್‌ಬಾಲ್ ಒಕ್ಕೂಟದವನು ಇರಬೇಕಿತ್ತು. ಆಸ್ಟ್ರೇಲಿಯಾ 2006ರಿಂದ ಏಷ್ಯಾ ಒಕ್ಕೂಟದಲ್ಲಿದೆ, ಹಾಗಾಗಿ ಪೆಟ್ರಾಟೋಸ್‌ನಂಥ ಸ್ಟ್ರೈಕರ್ ಆ ಜಾಗ ತುಂಬುತ್ತಿದ್ದ. ನಮ್ಮ ಬೆಂಗಳೂರಿಗೆ ಆಡಿದ ರಾಯ್ ಕೃಷ್ಣ ಆಸ್ಟ್ರೇಲಿಯಾ ಲೀಗ್‌ನಿಂದಲೇ ಭಾರತಕ್ಕೆ ಬಂದಿದ್ರೂ ಫಿಜಿಯವನು, ಅಂದ್ರೆ ಓಷಿಯಾನಿಯಾ, ಲೆಕ್ಕಕ್ಕಿಲ್ಲ. ಅದೇ ಗೋಲು, ಅದೇ ಅನುಭವ, ಬೇರೆ ಪಾಸ್‌ಪೋರ್ಟ್.

ಇದೇನು ಭಾರತದ್ದೊಂದೇ ಕಥೆಯಲ್ಲ. 2009ರಲ್ಲಿ ಚೆಟ್ರಿಗೆ ಇಂಗ್ಲೆಂಡ್‌ನ ಕ್ಯೂಪಿಆರ್ ಕ್ಲಬ್ ಜೊತೆ ಒಪ್ಪಂದ ಆಗಿದ್ರೂ ವರ್ಕ್ ಪರ್ಮಿಟ್ ಸಿಗಲಿಲ್ಲ. ಭಾರತ ಫಿಫಾ ರ‍್ಯಾಂಕಿಂಗ್‌ನ ಮೊದಲ 70ರಲ್ಲಿ ಇರಲಿಲ್ಲ. ನೆದರ್ಲೆಂಡ್ಸ್‌ನಲ್ಲಿ ಐರೋಪ್ಯ ಒಕ್ಕೂಟದ ಹೊರಗಿನ, 20 ದಾಟಿದ ಆಟಗಾರನಿಗೆ ಲೀಗ್‌ನ ಸರಾಸರಿ ಸಂಬಳದ 150% ಕೊಡಬೇಕು. ಸಣ್ಣ ಕ್ಲಬ್‌ಗಳು ಅಲ್ಲಿಗೇ ಕೈ ಬಿಡ್ತವೆ.

ಗೋಲ್‌ಕಿಕ್_ಗಿರಿ

ಥ್ಯಾಂಕ್ಸ್, ಇಷ್ಟು ಸಿಗುತ್ತೆ ಅಂದ್ಕೊಂಡಿರ್ಲಿಲ್ಲ. ಒಂದೇ ಡೌಟು: ಸಹಿ ಆದ್ಮೇಲೆ "ಮೆಡಿಕಲ್ ಫೇಲ್" ಅಂತ ಕ್ಲಬ್ ವಾಪಸ್ ಕಳಿಸಬಹುದಾ? ಸಹಿ ಹಾಕೋ ಮುಂಚೆ ಏನು ನೋಡ್ಕೋಬೇಕು?

ಹದಿನಾಲ್ಕನೇ_ಕಲಂ

ಕಳಿಸೋ ಹಾಗಿಲ್ಲ. ಮೆಡಿಕಲ್ ಪಾಸಾದ್ರೆ ಅಥವಾ ವರ್ಕ್ ಪರ್ಮಿಟ್ ಸಿಕ್ಕರೆ ಮಾತ್ರ ಕಾಂಟ್ರ್ಯಾಕ್ಟ್ ಊರ್ಜಿತ ಅನ್ನೋ ಷರತ್ತನ್ನು ಫಿಫಾ ಒಪ್ಪಲ್ಲ, 18ನೇ ಕಲಂ. ಮೊಣಕಾಲಿನ ಎಂಆರ್‌ಐ ಬೇಕಿದ್ರೆ ಸಹಿಗೆ ಮುಂಚೆ ಮಾಡಿಸಿಕೊಳ್ಳೋದು ಕ್ಲಬ್ ಹೊಣೆ. ಅದಕ್ಕೇ ಬುದ್ಧಿವಂತ ಕ್ಲಬ್‌ಗಳು ಮೊದಲು ಬರೀ ಆಫರ್ ಲೆಟರ್ ಕಳಿಸ್ತವೆ. ಆದ್ರೆ ಅದರಲ್ಲೂ ಸಂಬಳ, ಅವಧಿ, ಎರಡೂ ಕಡೆ ಸಹಿ ಇದ್ರೆ ಅದನ್ನೇ ಕಾಂಟ್ರ್ಯಾಕ್ಟ್ ಅಂತ ಪರಿಗಣಿಸೋ ಸಾಧ್ಯತೆ ಉಂಟು.

ನೋಡಬೇಕಾದ್ದು: ಮೊತ್ತ ತೆರಿಗೆ ಕಳೆದದ್ದೋ ಮುಂಚಿನದ್ದೋ. ಭಾರತದಲ್ಲಿ ಒಂದು ಹಣಕಾಸು ವರ್ಷದಲ್ಲಿ 182 ದಿನ ಅಥವಾ ಹೆಚ್ಚು ಇದ್ರೆ ತೆರಿಗೆ ನಿವಾಸಿ, ಲೆಕ್ಕ ಬದಲಾಗುತ್ತೆ. ವರ್ಷ ವಿಸ್ತರಿಸೋ ಆಯ್ಕೆ ಕ್ಲಬ್‌ಗೆ ಮಾತ್ರ ಇದ್ರೆ ತೆಗೆಸಿ, ಇಲ್ಲವೇ ಅದಕ್ಕೊಂದು ಕೊನೇ ತಾರೀಖು ಹಾಕಿಸಿ, ಮಾರ್ಚ್ 31 ಅಂತಿಟ್ಟುಕೊಳ್ಳಿ. ಜೂನ್ ತನಕ ಕ್ಲಬ್ ಸುಮ್ಮನಿದ್ರೆ ಒಳ್ಳೆ ಆಫರ್ ಎಲ್ಲ ಬೇರೆಯವರ ಪಾಲಾಗಿರುತ್ತೆ. ವಿವಾದ ಸ್ಥಳೀಯ ಕೋರ್ಟಿಗೆ ಅಂತ ಎಲ್ಲಾದರೂ ಬರೆದಿದೆಯಾ ನೋಡಿ, ಆ ಒಂದು ಸಾಲಿಗೆ ಫಿಫಾ ಬಾಗಿಲು ಮುಚ್ಚಬಹುದು.

ಆಫ್‌ಸೈಡ್_ಅನಂತ

ಗೋಲ್ ಬೋನಸ್ ಕಲಂನಲ್ಲಿ "ಅಧಿಕೃತ ಪಂದ್ಯ" ಅಂದ್ರೆ ಯಾವ್ಯಾವ ಟೂರ್ನಿ ಅಂತ ಹೆಸರು ಹಿಡಿದು ಬರೆಸಿ. ಬರೀ ಲೀಗ್ ಅಂತಿದ್ರೆ ಡುರಾಂಡ್ ಕಪ್‌ನಲ್ಲಿ ಹೊಡೆದದ್ದಕ್ಕೆ ಬೋನಸ್ ಇಲ್ಲ ಅಂತಾರೆ.