ಪದಚರ್ಚೆ: ‘ಕೊಳೆರೋಗ’ ಅಡಿಕೆಯದೋ, ಕಾಫಿಯದೋ?

ಪ್ರಶ್ನೆ: ಕಾಫಿ ಬೇಸಾಯದ ಇಂಗ್ಲಿಷ್ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಕೊಲೆರೋಗ’ ಎಂಬ ಪದ ಬಂದಿದೆ. ತೀರ್ಥಹಳ್ಳಿ, ಹೊಸನಗರದ ಕಡೆ ಅಡಿಕೆಗೆ ಬರುವ ಕೊಳೆರೋಗವೇ ಇದು? ಹಾಗೆಯೇ ಬರೆದರೆ ನಡೆಯುತ್ತದೆಯೇ?

ಉತ್ತರ: ಪದ ಅದೇ, ರೋಗ ಅದಲ್ಲ. ಬರೀ ‘ಕೊಳೆರೋಗ’ ಎಂದರೆ ಮಲೆನಾಡಿನವರು ಅಡಿಕೆಯದೆಂದೇ ತಿಳಿಯುತ್ತಾರೆ. ‘ಕಾಫಿಯ ಕೊಳೆರೋಗ’ ಎಂದು ಬಿಡಿಸಿ ಬರೆಯಿರಿ. ‘ಕೊಲೆ’ ಆದದ್ದು ರೋಮನ್ ಲಿಪಿಯಲ್ಲಿ ಳಕಾರಕ್ಕೆ ಬೇರೆ ಅಕ್ಷರವಿಲ್ಲದ್ದರಿಂದ. ವಾಪಸು ತರುವಾಗ ತಿದ್ದಿಕೊಳ್ಳದಿದ್ದರೆ ಪೊಲೀಸರನ್ನು ಕರೆಸಬೇಕಾಗುತ್ತದೆ.

ಕನ್ನಡದ ‘ಕೊಳೆ’, ಸಂಸ್ಕೃತದ ‘ರೋಗ’ ಸೇರಿದ ಅರಿಸಮಾಸ ಇದು. ವೈಯಾಕರಣರು ಮೂಗು ಮುರಿಯುವ ಜೋಡಿ ಸಸ್ಯಶಾಸ್ತ್ರದ ಲ್ಯಾಟಿನ್ ಹೆಸರಿನೊಳಗೆ ಸಲೀಸಾಗಿ ಹೋಗಿ ಕೂತಿತು. ಕಾಫಿ ಎಲೆಯ ಮೇಲಿನ ಶಿಲೀಂಧ್ರಕ್ಕೆ ಇಂಗ್ಲೆಂಡಿನ ಎಂ.ಸಿ. ಕುಕ್ 1876ರಲ್ಲಿ ‘ಪೆಲ್ಲಿಕ್ಯುಲೇರಿಯಾ ಕೊಳೆರೋಗ’ ಎಂದು ಹೆಸರಿಟ್ಟರು. ಮೊದಲ ಪದಕ್ಕೆ ತೆಳುಪೊರೆ ಎಂಬ ಅರ್ಥದ ಲ್ಯಾಟಿನ್ ಮೂಲ, ಎರಡನೆಯದು ತೋಟದ ಮಾತು. 1958ರಲ್ಲಿ ಡಾಂಕ್ ಎಂಬ ವಿಜ್ಞಾನಿ ಕೊಳೆರೋಗವನ್ನು ಕುಲನಾಮವನ್ನಾಗಿಯೇ ಮಾಡಿ ‘ಕೊಳೆರೋಗ ನಾಕ್ಸಿಯಾ’ ಎಂದರು. ಮುಂದಿನ ವಿಂಗಡಣೆಗಳಲ್ಲಿ ಆ ಕುಲ ಬಿದ್ದುಹೋಗಿ, ಈಗ ‘ರೈಜೋಕ್ಟೋನಿಯಾ ನಾಕ್ಸಿಯಾ’ ಎಂಬ ಹೆಸರು ಬಳಕೆಯಲ್ಲಿದೆ. ಹಳೆಯ, ಹೊಸ ಬರಹಗಳನ್ನು ಒಟ್ಟಿಗೆ ನೋಡಿದರೆ ಮೂರೂ ಸಿಗುತ್ತವೆ, ಜೀವಿ ಒಂದೇ.

ಅಡಿಕೆಯ ಕಥೆ ಬೇರೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಅಧ್ಯಯನ ಪ್ರಕಟಿಸಿದರು. ಅವರೂ ರೋಗವನ್ನು ಕೊಳೆರೋಗ ಎಂದೇ ಕರೆದರು, ರೋಗಾಣುವನ್ನು ಮಾತ್ರ ಫೈಟಾಫ್ತೊರಾ ಕುಲಕ್ಕೆ ಸೇರಿಸಿದರು. ಕರಾವಳಿಯಲ್ಲಿ ಇದಕ್ಕೆ ಮಹಾಳಿ ಎಂಬ ಹೆಸರೂ ಇದೆ. ಹಳೆಯ ಬರಹಗಳು ಫೈಟಾಫ್ತೊರಾವನ್ನೂ ಶಿಲೀಂಧ್ರ ಎನ್ನುತ್ತವೆ. ಈಗ ಅದು ಊಮೈಸೀಟ್ ಎಂಬ ಬೇರೆಯೇ ಗುಂಪು: ಕೋಶಭಿತ್ತಿಯಲ್ಲಿ ಮುಖ್ಯವಾಗಿ ಇರುವುದು ಶಿಲೀಂಧ್ರದ ಹಾಗೆ ಕೈಟಿನ್ ಅಲ್ಲ, ಸೆಲ್ಯುಲೋಸ್, ಬೀಜಾಣುಗಳು ನೀರಿನಲ್ಲಿ ಈಜುತ್ತವೆ.

ಇದು ಬರೀ ಹೆಸರಿನ ಜಗಳವಲ್ಲ. ಮೆಟಲಾಕ್ಸಿಲ್ ಎಂಬ ಔಷಧಿ ಊಮೈಸೀಟ್‌ಗಳ ಮೇಲೆ ಕೆಲಸ ಮಾಡುತ್ತದೆ, ಕಾಫಿಯ ಕೊಳೆಗೆ ಅದರಿಂದ ಪ್ರಯೋಜನವಿಲ್ಲ. ಶಿಲೀಂಧ್ರನಾಶಕವಾದ ಕಾರ್ಬೆಂಡಜಿಂ ಅಡಿಕೆಯ ಕೊಳೆಗೆ ನಾಟುವುದಿಲ್ಲ. ಅಡಿಕೆ ಮರದ ಕೆಳಗೇ ಕಾಫಿ ಗಿಡ ಇರುವ ತೋಟದಲ್ಲಿ ‘ಕೊಳೆರೋಗಕ್ಕೆ ಇದನ್ನು ಹೊಡೆಯಿರಿ’ ಎಂದು ಅಚ್ಚಾದರೆ ದುಡ್ಡು ನೀರಿಗೆ ಹೋದಂತೆ.

ಲಕ್ಷಣ ವಿವರಿಸುವಾಗಲೂ ಎರಡನ್ನು ಬೆರೆಸಬೇಡಿ. ಅಡಿಕೆಯಲ್ಲಿ ಕಾಯಿಯ ತೊಟ್ಟಿನ ಹತ್ತಿರ ನೀರು ಹೀರಿದಂಥ ಕಡುಹಸಿರು ಕಲೆ ಕಾಣಿಸಿಕೊಂಡು, ಹೊಳಪು ಹೋಗಿ, ಕಾಯಿ ಉದುರುತ್ತದೆ. ಬಿದ್ದ ಕಾಯಿಯ ಮೇಲೆ ಬಿಳಿ ಬೂಷ್ಟು. ಕಾಫಿಯಲ್ಲಿ ಎಲೆ ಕಪ್ಪಾಗಿ ಕೊಳೆತು ತೊಟ್ಟು ಕಳಚಿದರೂ ನೆಲಕ್ಕೆ ಬೀಳದೆ, ಶಿಲೀಂಧ್ರದ ಎಳೆ ಹಿಡಿದು ರೆಂಬೆಯಲ್ಲೇ ಜೋತಾಡುತ್ತದೆ. ಆ ಜೋತಾಡುವ ಎಲೆಯೇ ಗುರುತು. ಕಾಫಿಯಲ್ಲಿ ಮಳೆಗೆ ಮುಂಚೆ ಮರಗಸಿ ಮಾಡಿ, ಅಂದರೆ ನೆರಳುಮರದ ಕೊಂಬೆ ಸವರಿ, ನೆರಳು ತೆಳುಮಾಡುವುದು, ಗಿಡದ ನಡುವೆ ಗಾಳಿ ಆಡುವಂತೆ ಬಿಡಿಸುವುದು ಔಷಧಿಯಷ್ಟೇ ಮುಖ್ಯ. ಅಡಿಕೆಯಲ್ಲಿ ಕಾಯಿಗೊನೆಗೆ ಮಳೆ ತಾಗದಂತೆ ಕೊಟ್ಟೆ (ಹೊದಿಕೆ) ಕಟ್ಟುವ ರೂಢಿಯಿದೆ.

ಎರಡಕ್ಕೂ ಹೊಂದುವುದು ಶೇ. 1ರ ಬೋರ್ಡೋ ದ್ರಾವಣ: ಮೈಲುತುತ್ತ (ತಾಮ್ರದ ಸಲ್ಫೇಟ್) 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಎರಡನ್ನೂ 50-50 ಲೀಟರಿನಲ್ಲಿ ಬೇರೆಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕದಡುತ್ತಾ ಸುರಿಯಬೇಕು. ಕಬ್ಬಿಣದ ಪಾತ್ರೆ ಬೇಡ. ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ನೋಡಿ: ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಹಳೆಯ ಸುಣ್ಣ ಹಾಕಿದರೆ ಹೀಗಾಗುವುದೇ ಹೆಚ್ಚು. ಕಲಸಿದ್ದನ್ನು ಅದೇ ದಿನ ಮುಗಿಸಬೇಕು. ಅಡಿಕೆಗೆ ಮೊದಲ ಸಿಂಪಡಣೆ ಮುಂಗಾರಿಗೆ ಮುಂಚೆ, ಎರಡನೆಯದು 40–45 ದಿನಕ್ಕೆ.

ಕೈಪಿಡಿಯಲ್ಲಿ ‘ಬ್ಲ್ಯಾಕ್ ರಾಟ್’ ಎಂದಿದ್ದರೂ ಕಾಫಿಯ ಮಟ್ಟಿಗೆ ಅದು ಇದೇ ರೋಗ. ಲ್ಯಾಟಿನ್ ಅಮೆರಿಕದ ಕಾಫಿ ಬರಹಗಳಲ್ಲೂ ಕೊಳೆರೋಗ ಸಿಗುತ್ತದೆ; ಅಲ್ಲಿ ಅದಕ್ಕೆ ‘ಮಾಲ್ ದೆ ಇಲಾಚಾಸ್’, ಎಳೆಗಳ ರೋಗ, ಎಂಬ ಸ್ಪ್ಯಾನಿಷ್ ಹೆಸರೂ ಇದೆ.