ಎಡಕ್ಕೆ ಬಾಗುವ ಬಿಬಿ: ನಾಲ್ವರ ಜಂಟಿ ಬಂದೂಕಿನ ತಕರಾರು

(ಮೆಕ್ಯಾನಿಕಲ್ ವಿಭಾಗದ ಹಳೆಯ ವಿದ್ಯಾರ್ಥಿಗಳ ಡಲ್ಲಾಸ್ ಚಾಟ್ ಗುಂಪು. ಇಲ್ಲಿ ಕನ್ನಡ ಲಿಪಿಯಲ್ಲೇ, ಪೂರ್ಣ ವಾಕ್ಯಗಳಲ್ಲೇ ಬರೆಯಬೇಕೆಂಬುದು ಪ್ರಕಾಶಣ್ಣನವರ ಕಟ್ಟಪ್ಪಣೆ.)

ಮಂಜುನಾಥ, ಶನಿವಾರ ಸಂಜೆ 6.40
ಈ ವಾರ ನಾವು ನಾಲ್ವರೂ ಸೇರಿ ಇಟ್ಟುಕೊಂಡಿರುವ ಏರ್‌ಸಾಫ್ಟ್ ಬಂದೂಕಿನ (ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಆಟದ ಬಂದೂಕಿನ) ಸರದಿ ನನ್ನದಾಗಿತ್ತು. ಇಂದು ಮೈದಾನದಲ್ಲಿ ಪ್ರತಿಯೊಂದು ಬಿಬಿಯೂ, ಅಂದರೆ ಅದರ ಸಣ್ಣ ಪ್ಲಾಸ್ಟಿಕ್ ಗುಂಡೂ, ಸ್ವಲ್ಪ ದೂರ ನೆಟ್ಟಗೆ ಹೋಗಿ, ಆಮೇಲೆ ಬಾಳೆಕಾಯಿಯಂತೆ ಎಡಕ್ಕೆ ಬಾಗಿತು. ಎದುರಾಳಿ ನಿಂತಲ್ಲೇ ನಿಂತಿದ್ದರೂ ನನ್ನಿಂದ ಹೊಡೆಯಲಾಗಲಿಲ್ಲ. ಕಳೆದ ವಾರ ಅದು ಯಾರ ಬಳಿಯಲ್ಲಿತ್ತು ಎಂಬುದು ಸರದಿಯ ಪಟ್ಟಿಯಲ್ಲಿದೆ.

ಗುರುರಾಜ, 6.52
ಪಟ್ಟಿಯಲ್ಲಿರುವುದು ನನ್ನ ಹೆಸರೇ. ಆದರೆ ನನ್ನ ಮನೆಯಿಂದ ಹೊರಟಾಗ ಅದು ಸರಿಯಾಗಿತ್ತು. ಬಿಬಿ ಹಾದುಹೋಗುವ ಒಳನಳಿಕೆಯನ್ನು ಬಟ್ಟೆಯಿಂದ ಒರೆಸಿ, ಎರಡು ಹನಿ ಸಿಲಿಕೋನ್ ಎಣ್ಣೆ ಬಿಟ್ಟದ್ದನ್ನುಳಿದು ನಾನು ಬೇರೇನನ್ನೂ ಮಾಡಿಲ್ಲ. ನನ್ನ ಅಭಿಪ್ರಾಯದಲ್ಲಿ ನಳಿಕೆಯೇ ಸವೆದಿದೆ. ಈಗಿರುವುದರ ಒಳವ್ಯಾಸ 6.08 ಮಿ.ಮೀ. ಅದನ್ನು ತೆಗೆದು 6.03ರ ಬಿಗಿ ನಳಿಕೆಯನ್ನು ಜಂಟಿ ಖಾತೆಯ ಹಣದಲ್ಲಿ ತರಿಸೋಣ.

ಸುಧಾ, 7.15
ಹಣ ಖರ್ಚು ಮಾಡುವ ಮೊದಲು ಒಂದು ಮಾತು. ಬೆಳಿಗ್ಗೆ ಮೈದಾನದವರು ವೇಗ ಅಳೆದಾಗ 0.20 ಗ್ರಾಂ ಬಿಬಿಗೆ ಎಂದಿನಂತೆ ಸೆಕೆಂಡಿಗೆ 350 ಅಡಿಯ ಆಸುಪಾಸಿನಲ್ಲೇ ಬಂದಿತ್ತೆಂದು ಮಂಜುನಾಥನೇ ಫೋನಿನಲ್ಲಿ ಹೇಳಿದ. ಗಾಳಿ ಸೋರುತ್ತಿದ್ದರೆ ಆ ಅಂಕಿ ಇಳಿಯಬೇಕಿತ್ತು. ಪ್ಲಾಸ್ಟಿಕ್ ಗುಂಡುಗಳ ಓಡಾಟದಿಂದ ಹಿತ್ತಾಳೆಯ ನಳಿಕೆ ಇಷ್ಟು ಬೇಗ ಸವೆಯುವುದೂ ಇಲ್ಲ. ನನಗೆ ಅನುಮಾನವಿರುವುದು ಹಾಪ್-ಅಪ್ ಮೇಲೆ. ಅದರಲ್ಲಿ ನಳಿಕೆಯ ಹಿಂತುದಿಗೆ ತೊಡಿಸಿರುವ ರಬ್ಬರಿನ ಉಬ್ಬು ಮೇಲಿನಿಂದ ಬಿಬಿಯನ್ನು ತಡೆದು ಅದಕ್ಕೆ ಹಿಮ್ಮುಖ ತಿರುಗು ಕೊಡುತ್ತದೆ, ಆ ತಿರುಗಿನಿಂದಲೇ ಬಿಬಿ ಗಾಳಿಯಲ್ಲಿ ಬೇಗ ಬೀಳದೆ ತೇಲುತ್ತದೆ. ಜರ್ಮನಿಯ ಭೌತವಿಜ್ಞಾನಿ ಮ್ಯಾಗ್ನಸ್ 1852ರಲ್ಲಿ ವಿವರಿಸಿದ್ದು ಇದನ್ನೇ, ನಮ್ಮ ಎರಪಳ್ಳಿ ಪ್ರಸನ್ನ ಅವರ ಸ್ಪಿನ್ ಚೆಂಡನ್ನು ಗಾಳಿಯಲ್ಲಿ ಬಾಗಿಸುತ್ತಿದ್ದದ್ದೂ ಇದೇ. ಉಬ್ಬು ನೆತ್ತಿಯ ಮೇಲೆ ಒತ್ತದೆ ಒಂದು ಮಗ್ಗುಲಿಗೆ ಸರಿದು ಒತ್ತಿದರೆ, ಬಿಬಿಯೂ ಅದೇ ಮಗ್ಗುಲಿಗೆ ಬಾಗುತ್ತದೆ.

ಪ್ರಕಾಶಣ್ಣ, 7.31
ಟೆಕ್ಸಸ್‌ನ ಗಾಳಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ. ಗುರಿಕನ್ನಡಿ ಓರೆಯಾಗಿದ್ದರೂ ಹೀಗಾಗಬಹುದಲ್ಲವೇ?

ಸುಧಾ, 7.38
ಆಗಬಹುದು ಪ್ರಕಾಶಣ್ಣ, ನಿಮ್ಮ ಎರಡೂ ಸಂದೇಹಗಳನ್ನು ನಾಳೆ ಪರೀಕ್ಷಿಸುತ್ತೇನೆ. ಮಂಜುನಾಥ, ಬಂದೂಕನ್ನು ಬೆಳಿಗ್ಗೆ ನಮ್ಮ ಮನೆಗೆ ತಲುಪಿಸು.

ಸುಧಾ, ಭಾನುವಾರ ಮಧ್ಯಾಹ್ನ 1.20
ಹಿತ್ತಲಿನಲ್ಲಿ, ಕಣ್ಣಿಗೆ ರಕ್ಷಾಕನ್ನಡಕ ಹಾಕಿಕೊಂಡು, 0.25 ಗ್ರಾಂ ಬಿಬಿಗಳನ್ನು ಹತ್ತು ಹತ್ತರಂತೆ ಹೊಡೆದು ಅಳೆದಿದ್ದೇನೆ. 50 ಅಡಿ ದೂರದಲ್ಲಿ ಬಿಬಿ ಸರಾಸರಿ ಒಂದೂವರೆ ಅಂಗುಲ ಎಡಕ್ಕೆ ಬಿತ್ತು, 100 ಅಡಿಯಲ್ಲಿ ಸುಮಾರು 7 ಅಂಗುಲ. ಗುರಿಕನ್ನಡಿಯ ದೋಷವಾಗಿದ್ದರೆ ದೂರ ಇಮ್ಮಡಿಯಾದಾಗ ತಪ್ಪೂ ಇಮ್ಮಡಿಯಾಗಿ 3 ಅಂಗುಲಕ್ಕೆ ನಿಲ್ಲಬೇಕಿತ್ತು. ನಾಲ್ಕು ಪಟ್ಟಿಗೂ ಮೀರಿ ಹೆಚ್ಚಿದೆಯೆಂದರೆ ಬಿಬಿ ದಾರಿಯುದ್ದಕ್ಕೂ ಬಾಗುತ್ತಲೇ ಇದೆ. ಬಳಿಕ ಬಂದೂಕನ್ನು ತಲೆಕೆಳಗು ಹಿಡಿದು ಹೊಡೆದೆ. (ಪಕ್ಕದ ಮನೆಯವರು ಬೇಲಿಯಾಚೆಯಿಂದ ನೋಡಿ ಏನೆಂದುಕೊಂಡರೋ ತಿಳಿಯದು.) ಆಗ ಬಿಬಿ ನೆಲದತ್ತ ಧುಮುಕುವುದರ ಜೊತೆಗೆ ಬಲಕ್ಕೆ ಬಾಗಿತು. ಗಾಳಿಗೆ ಬಂದೂಕಿನ ಮೇಲು ಕೆಳಗು ಗೊತ್ತಿಲ್ಲ, ಅದರದೇ ತಪ್ಪಾಗಿದ್ದರೆ ಬಿಬಿ ಎಡಕ್ಕೇ ಹೋಗಬೇಕಿತ್ತು. ಕೊನೆಗೆ ಹಾಪ್-ಅಪ್ ಪೂರ್ತಿ ಸಡಿಲಿಸಿ ಹೊಡೆದಾಗ ಬಿಬಿ ಬೇಗನೆ ನೆಲಕ್ಕೆ ಬಿದ್ದಿತಾದರೂ ಎಡಕ್ಕೆ ಬಾಗಲಿಲ್ಲ.

ಪ್ರಕಾಶಣ್ಣ, 1.34
ಒಪ್ಪಿದೆ. ಗಾಳಿಯ ಮೇಲಿನ ಆರೋಪವನ್ನು ಹಿಂತೆಗೆದುಕೊಂಡಿದ್ದೇನೆ.

ಗುರುರಾಜ, 1.41
ಹಾಪ್-ಅಪ್ ಕೆಟ್ಟಿದ್ದರೂ ಹೊಸ ನಳಿಕೆಯಿಂದ ನಷ್ಟವೇನಿಲ್ಲವಲ್ಲ.

ಸುಧಾ, 1.45
ಹೊಸ ನಳಿಕೆಗೂ ಇದೇ ರಬ್ಬರನ್ನು, ಇದೇ ರೀತಿ ಓರೆಯಾಗಿ ತೊಡಿಸಿದರೆ ಬಿಬಿ ಇನ್ನಷ್ಟು ಶಿಸ್ತಿನಿಂದ ಎಡಕ್ಕೆ ಹೋಗುತ್ತದೆ, ಅಷ್ಟೇ.

ಸುಧಾ, 4.10
ಮ್ಯಾಗಜೀನ್ (ಬಿಬಿ ತುಂಬುವ ಡಬ್ಬಿ) ತೆಗೆದು, ಒಳಗೆ ಉಳಿದಿದ್ದ ಬಿಬಿಯನ್ನು ಹೊಡೆದು ಖಾಲಿ ಮಾಡಿ, ಬ್ಯಾಟರಿ ಕಳಚಿದ ಮೇಲೆ ಹಾಪ್-ಅಪ್ ಘಟಕವನ್ನೂ ಒಳನಳಿಕೆಯನ್ನೂ ಹೊರಗೆ ತೆಗೆದೆ. ಹಾಪ್ ಪೂರ್ತಿ ಬಿಗಿ ಮಾಡಿ, ಒಂದು ತುದಿಯಿಂದ ಬೆಳಕು ಬಿಟ್ಟು, ಇನ್ನೊಂದು ತುದಿಯಿಂದ ತೆಗೆದ ಚಿತ್ರವನ್ನು ಗುಂಪಿಗೆ ಹಾಕಿದ್ದೇನೆ. ಉಬ್ಬು ನಡುನೆತ್ತಿಯಲ್ಲಿ ಸಮನಾಗಿ ಕಾಣಬೇಕಿತ್ತು, ಇಲ್ಲಿ ಚೌತಿಯ ಚಂದ್ರ ಒಂದು ಮಗ್ಗುಲಾದ ಹಾಗಿದೆ.

ಗುರುರಾಜ, 4.18
ನೀನೇ ನೋಡು, ಚಿತ್ರದಲ್ಲಿ ಉಬ್ಬು ಬಲಕ್ಕಿದೆ! ಒತ್ತುವ ಮಗ್ಗುಲಿಗೇ ಬಿಬಿ ಬಾಗುತ್ತದೆ ಎಂದು ನಿನ್ನೆ ಬರೆದವಳು ನೀನೇ. ಹಾಗಿದ್ದರೆ ಬಿಬಿ ಬಲಕ್ಕೆ ಹೋಗಬೇಕಿತ್ತಲ್ಲ?

ಸುಧಾ, 4.20
ಚಿತ್ರ ತೆಗೆದದ್ದು ನಳಿಕೆಯ ಮುಂತುದಿಯಿಂದ, ಗುರುರಾಜ. ಹೊಡೆಯುವವನು ನಿಲ್ಲುವುದು ಹಿಂದೆ. ಅವನಿಗೆ ಅದು ಎಡವೇ.

ಮಂಜುನಾಥ, 4.22
ಇವನು ಡ್ರಾಯಿಂಗ್ ಪರೀಕ್ಷೆಯಲ್ಲೂ ಎದುರುನೋಟ, ಹಿನ್ನೋಟಗಳನ್ನು ಅದಲುಬದಲು ಮಾಡಿದ್ದ.

ಸುಧಾ, 4.35
ಎರಡು ದೋಷಗಳು ಸಿಕ್ಕಿವೆ. ರಬ್ಬರಿನ ಒಳಗಿರುವ ಏಣು ನಳಿಕೆಯ ತೋಡಿನಲ್ಲಿ ಕೂರದೆ, ಕೂದಲೆಳೆಗಿಂತ ತುಸು ಹೆಚ್ಚಾಗಿ ತಿರುಗಿ ಕುಳಿತಿತ್ತು. ಇದು ರಬ್ಬರನ್ನು ತೆಗೆದು ಮತ್ತೆ ತೊಡಿಸುವಾಗ ಆಗುವ ತಪ್ಪು. ಎರಡನೆಯದಾಗಿ, ಉಬ್ಬನ್ನು ಒತ್ತುವ ಹಾಪ್ ತೋಳು ತನ್ನ ಗೂಡಿನಲ್ಲಿ ಎಡಕ್ಕೂ ಬಲಕ್ಕೂ ಅಲ್ಲಾಡುತ್ತದೆ, ಇದು ಕೊಂಡ ದಿನದಿಂದಲೂ ಇದ್ದಿರಬೇಕು. ಎಣ್ಣೆಯ ವಿಷಯ ಬೇರೆ. ಎಣ್ಣೆ ಹತ್ತಿದ ರಬ್ಬರಿಗೆ ಹಿಡಿತವಿರುವುದಿಲ್ಲವಾದ್ದರಿಂದ ಒಂದು ಬಿಬಿ ತೇಲಿದರೆ ಮತ್ತೊಂದು ಕುಸಿಯುತ್ತದೆ. ನಳಿಕೆಯನ್ನು ಒರೆಸಬೇಕೇ ಹೊರತು ಅದಕ್ಕೆ ಒಗ್ಗರಣೆ ಹಾಕಬಾರದು.

ಮಂಜುನಾಥ, 4.41
ರಬ್ಬರು ತಾನಾಗಿ ತಿರುಗಿತೇ, ಗುರುರಾಜ?

ಗುರುರಾಜ, 4.58
ಒರೆಸುವಾಗ ರಬ್ಬರನ್ನು ಒಮ್ಮೆ ತೆಗೆದಿದ್ದೆ. ನಿನ್ನೆ ಹೇಳಬೇಕಿತ್ತು, ಹೇಳಲಿಲ್ಲ. ಆದರೆ ತೋಳಿನ ಅಲ್ಲಾಟ ನನ್ನ ಖಾತೆಗೆ ಸೇರುವುದಿಲ್ಲ ಎಂಬುದನ್ನೂ ಸುಧಾಳೇ ಬರೆದಿದ್ದಾಳೆ. ಅಂದಮೇಲೆ ತಪ್ಪಿನಲ್ಲಿ ಅರ್ಧ ಮಾತ್ರ ನನ್ನದು.

ಸುಧಾ, ರಾತ್ರಿ 8.05
ರಬ್ಬರನ್ನೂ ನಳಿಕೆಯನ್ನೂ ಐಸೊಪ್ರೊಪಿಲ್ ಆಲ್ಕೊಹಾಲ್‌ನಿಂದ ಒರೆಸಿ ಒಣಗಿಸಿದೆ. ಏಣನ್ನು ತೋಡಿಗೆ ಸರಿಯಾಗಿ ಕೂರಿಸಿ, ರಬ್ಬರಿನ ಮೇಲೆ ಒಂದು ಸುತ್ತು ಟೆಫ್ಲಾನ್ ಟೇಪ್ ಸುತ್ತಿದ್ದರಿಂದ ಘಟಕದೊಳಗೆ ತಳ್ಳುವಾಗ ಅದು ಜರುಗಲಿಲ್ಲ. ತೋಳಿನ ಎರಡೂ ಮಗ್ಗುಲಿಗೆ ತೆಳುವಾದ ಟೇಪಿನ ಚೂರು ಅಂಟಿಸಿದ್ದೇನೆ. ದಪ್ಪ ಹೆಚ್ಚಾದರೆ ತೋಳು ಮೇಲೆ ಕೆಳಗೆ ಚಲಿಸುವುದೇ ನಿಂತುಹೋಗುತ್ತದೆ, ಮೊದಲ ಸಲ ನನಗೆ ಹಾಗೆಯೇ ಆಗಿ ಒಂದು ಪದರ ಕಿತ್ತು ತೆಗೆಯಬೇಕಾಯಿತು. ನಳಿಕೆಯನ್ನು ಹಿಡಿದಿಡುವ ಸಿ-ಕ್ಲಿಪ್ ಬಿಗಿಯಾಗಿದೆ. ಹೊರನಳಿಕೆಯೊಳಗೆ ಒಳನಳಿಕೆ ಕಂಪಿಸದಂತೆ ಅದರ ಮುಂತುದಿಗೂ ಎರಡು ಸುತ್ತು ಟೇಪ್ ಹಾಕಿದೆ. ಕತ್ತಲಾಗುವ ಮೊದಲು 100 ಅಡಿಗೆ ಹತ್ತು ಬಿಬಿ ಹೊಡೆದೆ. ಒಂಬತ್ತು ಬಿಬಿಗಳು ಗುರಿಯ ಎಡಬಲಕ್ಕೆ ಒಂದೊಂದು ಅಂಗುಲದೊಳಗೆ ಬಿದ್ದವು. ಹತ್ತನೆಯದು ಎಲ್ಲಿ ಹೋಯಿತೋ ಕಾಣಲಿಲ್ಲ, ಬೇಲಿಯಾಚೆಗಲ್ಲ ಎಂದು ನಂಬಿದ್ದೇನೆ.

ಪ್ರಕಾಶಣ್ಣ, 8.20
ಖರ್ಚೆಷ್ಟು?

ಸುಧಾ, 8.22
ಟೇಪ್ ಅಡುಗೆಮನೆಯ ನಲ್ಲಿ ರಿಪೇರಿಗೆ ತಂದದ್ದು. ಪರೀಕ್ಷೆಗೆ ಖರ್ಚಾದ ಬಿಬಿಗಳನ್ನು ಮಾತ್ರ ಜಂಟಿ ಖಾತೆಗೆ ಬರೆಯಿರಿ.

ಗುರುರಾಜ, 8.30
ಬಿಬಿಗಳ ಹಣ ನಾನು ಕೊಡುತ್ತೇನೆ. ಆದರೂ 6.03ರ ನಳಿಕೆಯ ಪ್ರಸ್ತಾಪ ಹಾಗೆಯೇ ಇರಲಿ.

ಮಂಜುನಾಥ, 8.33
ಇರಲಿ. ಮುಂದಿನ ಶನಿವಾರದೊಳಗೆ ಆ ಎಣ್ಣೆಯ ಶೀಶೆಯನ್ನು ಬಂದೂಕಿನ ಪೆಟ್ಟಿಗೆಯಿಂದ ಹೊರಗೆ ತೆಗೆಯಿರಿ.

ಗುರುರಾಜ, 8.34
ಶೀಶೆ ನನ್ನದು. ಪೆಟ್ಟಿಗೆಯೂ ನನ್ನದೇ.